ಒಳಗಿನವರಿಗೆ ಹೋಗುತ್ತದೆ, ಹೊರಗಿನವರಿಗೆ ಹೋಗುವುದಿಲ್ಲ: ಮೇಲ್ ಸರ್ವರ್ ಪಾಸ್‌ವರ್ಡ್ ಕೇಳುವುದು ಯಾವಾಗ?

ಕೆಲವು ವರ್ಷಗಳ ಹಿಂದೆ ಪರಿಚಯದವರ ಸಣ್ಣ ಆಫೀಸಿಗೆ ಒಂದು ಸೆಕೆಂಡ್ ಹ್ಯಾಂಡ್ ಸ್ಕ್ಯಾನರ್ ಬಂತು. ಕಾಗದ ಇಟ್ಟು ಗುಂಡಿ ಒತ್ತಿದರೆ ಪಿಡಿಎಫ್ ಮಾಡಿ ಮೇಲ್‌ನಲ್ಲಿ ಕಳಿಸುವ ಥರದ್ದು. ಅದನ್ನು ಹೊಂದಿಸಿಕೊಡುವ ಕೆಲಸ ನನ್ನ ತಲೆಗೆ ಬಿತ್ತು. ಆಫೀಸಿನ ಮೇಲ್ ಸರ್ವರ್ ಬೇರೆಲ್ಲೋ ಬಾಡಿಗೆಗೆ ತೆಗೆದುಕೊಂಡದ್ದು. ಅದರ ಹೆಸರು ಟೈಪ್ ಮಾಡಿದೆ. ಪೋರ್ಟ್, ಅಂದರೆ ಸರ್ವರಿನ ಯಾವ ಬಾಗಿಲು ತಟ್ಟಬೇಕು ಎಂಬ ಸಂಖ್ಯೆ, ಬರೆಯುವ ಜಾಗದಲ್ಲಿ 25 ಅಂತ ಮೊದಲೇ ಇತ್ತು, ಹಾಗೇ ಬಿಟ್ಟೆ. ಯೂಸರ್‌ನೇಮ್, ಪಾಸ್‌ವರ್ಡ್ ಎರಡೂ ಖಾಲಿ. ಆಫೀಸಿನ ಒಂದು ವಿಳಾಸಕ್ಕೆ ಪುಟ ಕಳಿಸಿ ನೋಡಿದೆ. ತಕ್ಷಣ ಬಂತು. ಇನ್ನೊಬ್ಬರಿಗೆ ಕಳಿಸಿದೆ. ಅವರಿಗೂ ಬಂತು. ಕೆಲಸ ಮುಗಿಯಿತು ಅಂತ ಎದ್ದು ಬಂದೆ.

ಮೂರನೇ ದಿನ ಫೋನ್. ‘ನಮ್ಮವರಿಗೆಲ್ಲ ಹೋಗ್ತಿದೆ, ಆಡಿಟರ್‌ಗೆ ಮಾತ್ರ ಹೋಗ್ತಿಲ್ಲ.’ ಹೋಗಿ ನೋಡಿದರೆ ಸ್ಕ್ಯಾನರಿನ ಪುಟ್ಟ ಪರದೆಯ ಮೇಲೆ 554, ರಿಲೇ ಆಕ್ಸೆಸ್ ಡಿನೈಡ್ ಅಂತ ಬರೆದಿತ್ತು.

ಮೊದಲು ನನಗನ್ನಿಸಿದ್ದು ಸ್ಕ್ಯಾನರ್ ಅರ್ಧ ಕೆಟ್ಟಿದೆ ಅಂತ. ಅರ್ಧ ಕೆಟ್ಟ ಯಂತ್ರ ವಿಳಾಸ ನೋಡಿ ಕೆಡುತ್ತದೆಯೇ? ಇಲ್ಲ. ಆ ಸರ್ವರ್ ಎರಡು ಸಲವೂ ಸರಿಯಾಗಿಯೇ ನಡೆದುಕೊಂಡಿತ್ತು. ಯಾವಾಗ ಪಾಸ್‌ವರ್ಡ್ ಕೇಳಬೇಕು, ಯಾವಾಗ ಬೇಡ ಎಂಬ ಲೆಕ್ಕ ಅದಕ್ಕೆ ಪಕ್ಕಾ ಗೊತ್ತಿತ್ತು. ಗೊತ್ತಿಲ್ಲದೇ ಇದ್ದದ್ದು ನನಗೆ.

ಒಂದೇ ಬಾಗಿಲು, ಎರಡು ಕೆಲಸ

ಮೇಲ್ ಸರ್ವರ್ ಮಾಡುವ ಕೆಲಸ ಎರಡು. ಒಂದು, ತನ್ನ ಮನೆಯವರಿಗೆ ಬಂದ ಪತ್ರ ತೆಗೆದುಕೊಳ್ಳುವುದು. ಇನ್ನೊಂದು, ತನ್ನ ಮನೆಯವರು ಬರೆದ ಪತ್ರವನ್ನು ಬೇರೆ ಸರ್ವರ್‌ಗೆ ಮುಟ್ಟಿಸುವುದು. ಎರಡಕ್ಕೂ ಬಳಕೆಯಾಗುವ ಭಾಷೆ ಒಂದೇ, ಎಸ್‌ಎಂಟಿಪಿ. ಗೊಂದಲ ಹುಟ್ಟುವುದೇ ಇಲ್ಲಿ.

ನಿಮ್ಮ ಮನೆಯ ಅಂಚೆ ಡಬ್ಬಕ್ಕೆ ಯಾರು ಬೇಕಾದರೂ ಪತ್ರ ಹಾಕಬಹುದು. ಹಾಕುವವರ ಗುರುತಿನ ಚೀಟಿಯನ್ನು ಯಾರೂ ಕೇಳುವುದಿಲ್ಲ. ಕೇಳಿದರೆ ಪತ್ರವೇ ಬರುವುದಿಲ್ಲ, ಅಲ್ವಾ? ಆದರೆ ಗುರುತಿಲ್ಲದ ಒಬ್ಬ ಬಂದು ಒಂದು ಮೂಟೆ ಪತ್ರ ಇಳಿಸಿ, ‘ಇವನ್ನೆಲ್ಲ ಊರ ತುಂಬ ಹಂಚಿ ಬನ್ನಿ, ಹಿಂದೆ ನಿಮ್ಮ ಮನೆಯ ಮೊಹರು ಇರಲಿ’ ಅಂದರೆ? ಆಗ ಬಾಯಿಗೆ ಬರುವ ಮೊದಲ ಮಾತು, ‘ನೀನ್ಯಾರಪ್ಪಾ?’

ಸರ್ವರ್ ಕೇಳುವುದೂ ಅಷ್ಟೇ. ಪತ್ರ ಯಾರಿಗೆ ಅಂತ ಮೊದಲು ನೋಡುತ್ತದೆ. ನನ್ನ ಬಳಿಯೇ ಇರುವ ಡಬ್ಬಕ್ಕಾದರೆ ಕೊಡು, ಪಾಸ್‌ವರ್ಡ್ ಬೇಡ. ಬೇರೆ ಕಡೆಗೆ ಹೊತ್ತುಕೊಂಡು ಹೋಗಬೇಕಾದರೆ ನೀನ್ಯಾರು ಅಂತ ಹೇಳು. ಬೇರೆ ಕಡೆಗೆ ಹೊತ್ತು ಹಾಕುವ ಈ ಕೆಲಸಕ್ಕೆ ರಿಲೇ ಅಂತ ಹೆಸರು. ಸ್ಕ್ಯಾನರಿನಿಂದ ಆಫೀಸಿನವರಿಗೆ ಹೋದ ಪುಟಗಳು ಮೊದಲನೇ ಲೆಕ್ಕ. ಆಡಿಟರ್ ವಿಳಾಸ ಬೇರೆ ಡೊಮೇನಿನದ್ದು, ಅಂದರೆ @ ಆದ ಮೇಲಿನ ಹೆಸರು ಬೇರೆ, ಹಾಗಾಗಿ ಅದು ರಿಲೇ. ಹೆಸರು ಹೇಳದೆ ರಿಲೇ ಕೇಳಿದ್ದಕ್ಕೆ 554.

ಒಂದು ಸಣ್ಣ ಸೂಚನೆ ಇಲ್ಲೇ ಹೇಳಿಬಿಡುತ್ತೇನೆ. ಹೊರಹೋಗುವ ಮೇಲ್ ಸೆಟ್ಟಿಂಗ್ ಸರಿ ಇದೆಯಾ ಅಂತ ಪರೀಕ್ಷಿಸಲು ನಾವು ಸಾಮಾನ್ಯವಾಗಿ ಮಾಡುವುದೇನು? ನಮ್ಮ ವಿಳಾಸಕ್ಕೇ ಒಂದು ಮೇಲ್ ಕಳಿಸಿಕೊಳ್ಳುತ್ತೇವೆ. ಅದು ಪರೀಕ್ಷೆಯೇ ಅಲ್ಲ. ಪಾಸ್‌ವರ್ಡ್ ಇಲ್ಲದಿದ್ದರೂ ಅದು ಪಾಸಾಗಬಹುದು. ಯಾವಾಗಲೂ ಬೇರೆ ಡೊಮೇನಿನ ವಿಳಾಸಕ್ಕೆ ಕಳಿಸಿ ನೋಡಬೇಕು. ಇದನ್ನು ಕಲಿಯಲು ನನಗೆ ಮೂರು ದಿನ, ಒಂದು ಫೋನ್ ಕರೆ ಹಿಡಿಯಿತು.

ಬ್ರೌಸರ್‌ನಲ್ಲಿ ಜಿಮೇಲ್ ತೆರೆದು ಬರೆಯುವವರಿಗೆ ಇದ್ಯಾವುದೂ ಕಣ್ಣಿಗೆ ಬೀಳುವುದಿಲ್ಲ. ಒಳಗೆ ಬರುವಾಗಲೇ ಲಾಗಿನ್ ಆಗಿರುತ್ತದೆ. ನೀವು ಯಾರು ಅಂತ ಅವರಿಗೆ ಗೊತ್ತು. ತಲೆನೋವು ಶುರುವಾಗುವುದು ಥಂಡರ್‌ಬರ್ಡ್, ಔಟ್‌ಲುಕ್‌ನಂಥ ಪ್ರೋಗ್ರಾಂ, ಸ್ಕ್ಯಾನರ್, ಸಿಸಿಟಿವಿ ಪೆಟ್ಟಿಗೆ, ನಾವೇ ಬರೆದ ಸ್ಕ್ರಿಪ್ಟ್ ಇಂಥವು ಮೇಲ್ ಕಳಿಸಬೇಕಾದಾಗ.

ಮೊದಲು ಬೀಗವೇ ಇರಲಿಲ್ಲ

ಎಸ್‌ಎಂಟಿಪಿಯ ನಿಯಮಗಳನ್ನು ಜಾನ್ ಪೋಸ್ಟೆಲ್ ಬರೆದದ್ದು 1982ರ ಆಗಸ್ಟ್‌ನಲ್ಲಿ, ಆರ್‌ಎಫ್‌ಸಿ 821 ಎಂಬ ದಾಖಲೆಯಲ್ಲಿ. ಅದನ್ನು ಹುಡುಕಿ ಓದಿ ನೋಡಿ, ಪಾಸ್‌ವರ್ಡ್ ಕೊಡುವ ಒಂದು ಆಜ್ಞೆಯೂ ಅದರಲ್ಲಿಲ್ಲ. ಅಷ್ಟೇ ಅಲ್ಲ, ರಿಲೇ ಮಾಡುವುದು ಆಗ ತಪ್ಪಲ್ಲ, ಉಪಕಾರ. ಈ ಪತ್ರ ಮೊದಲು ಈ ಯಂತ್ರಕ್ಕೆ ಹೋಗಲಿ, ಅಲ್ಲಿಂದ ಆ ಯಂತ್ರಕ್ಕೆ ಹೋಗಲಿ ಅಂತ ವಿಳಾಸದಲ್ಲೇ ದಾರಿ ಬರೆಯುವ ವ್ಯವಸ್ಥೆಯೂ ಇತ್ತು. ನೆಟ್‌ವರ್ಕಿನಲ್ಲಿ ಇದ್ದವರು ಹೆಚ್ಚಾಗಿ ವಿಶ್ವವಿದ್ಯಾಲಯ, ಸಂಶೋಧನಾ ಸಂಸ್ಥೆಗಳವರು. ಒಬ್ಬರ ಪತ್ರ ಇನ್ನೊಬ್ಬರು ದಾಟಿಸಿದರೆ ಯಾರ ಗಂಟೂ ಹೋಗುತ್ತಿರಲಿಲ್ಲ.

ತೊಂಬತ್ತರ ದಶಕದಲ್ಲಿ ಇಂಟರ್ನೆಟ್ ಎಲ್ಲರಿಗೂ ಸಿಕ್ಕಿತು. ಜಾಹೀರಾತು ಕಳಿಸುವವರಿಗೆ ಈ ತೆರೆದ ಬಾಗಿಲುಗಳು ಕಂಡವು. ಒಂದು ಪತ್ರ, ಅದಕ್ಕೆ ಉದ್ದನೆಯ ವಿಳಾಸಗಳ ಪಟ್ಟಿ ಹಚ್ಚಿ ಯಾವುದೋ ಕಾಲೇಜಿನ ಸರ್ವರ್‌ಗೆ ಕೊಟ್ಟರೆ ಸಾಕು. ಹಂಚುವ ಕೆಲಸ ಆ ಸರ್ವರ್‌ದು, ಖರ್ಚೂ ಅದರದ್ದೇ, ಬೈಗುಳವೂ ಅದಕ್ಕೇ. ಯಾರದೋ ದುಡ್ಡು, ಎಲ್ಲಮ್ಮನ ಜಾತ್ರೆ. ಇಂಥ ಸರ್ವರ್‌ಗಳಿಗೆ ಓಪನ್ ರಿಲೇ ಅಂತ ಹೆಸರು ಬಿತ್ತು. ಅವುಗಳ ವಿಳಾಸ ಗುರುತು ಹಾಕಿಕೊಂಡು ಮೇಲ್ ತಡೆಯುವ ಕಪ್ಪುಪಟ್ಟಿಗಳೂ ಹುಟ್ಟಿಕೊಂಡವು.

ಆಗ ಬಹಳ ಕಡೆ ಓಡುತ್ತಿದ್ದ ಮೇಲ್ ಸರ್ವರ್ ಸೆಂಡ್‌ಮೇಲ್. 1998ರಲ್ಲಿ ಬಂದ ಅದರ 8.9ನೇ ಆವೃತ್ತಿ ರಿಲೇಯನ್ನು ತಾನಾಗಿಯೇ ಮುಚ್ಚಿಕೊಂಡು ಬಂತು. ಬೇಕಾದವರು ತೆರೆದುಕೊಳ್ಳಬೇಕು, ಅಷ್ಟೇ. ಇದಕ್ಕೆ ಎಲ್ಲರೂ ಒಪ್ಪಿದರು ಅಂತೇನಿಲ್ಲ. ಇಎಫ್‌ಎಫ್ ಎಂಬ ಡಿಜಿಟಲ್ ಹಕ್ಕುಗಳ ಸಂಸ್ಥೆಯ ಸ್ಥಾಪಕರಲ್ಲಿ ಒಬ್ಬರಾದ ಜಾನ್ ಗಿಲ್ಮೋರ್ ತಮ್ಮ ಟೋಡ್ ಡಾಟ್ ಕಾಮ್ ಸರ್ವರನ್ನು ಬೇಕೆಂದೇ ತೆರೆದಿಟ್ಟಿದ್ದರು. ಸ್ಪ್ಯಾಮ್ ತಡೆಯುವ ನೆಪದಲ್ಲಿ ಮಾತಾಡುವ ದಾರಿಯನ್ನೇ ಮುಚ್ಚಬೇಡಿ ಎಂಬುದು ಅವರ ವಾದ. ಅವರ ಮೇಲೆ ನನಗೆ ಗೌರವವಿದೆ. ಆದರೂ ನನ್ನ ಸರ್ವರನ್ನು ಒಂದು ಗಂಟೆಯೂ ಹಾಗೆ ತೆರೆದಿಡುವ ಧೈರ್ಯ ನನಗಿಲ್ಲ.

ಬಾಗಿಲು ಮುಚ್ಚಿದ್ದಾಯಿತು. ಈಗ ಮನೆಯವರೇ ಹೊರಗೆ ನಿಂತರು. ಆಫೀಸಿನಲ್ಲಿ ಕೂತಾಗ ಮೇಲ್ ಹೋಗುತ್ತದೆ, ಲ್ಯಾಪ್‌ಟಾಪ್ ಹಿಡಿದು ಬೇರೆ ಕಡೆ ಹೋದರೆ ಹೋಗುವುದಿಲ್ಲ. ಇದಕ್ಕೆ ಜನ ಹುಡುಕಿಕೊಂಡ ಉಪಾಯ ಸ್ವಲ್ಪ ತಮಾಷೆಯಾಗಿದೆ. ಒಳಬರುವ ಮೇಲ್ ಓದಲು ಪಾಸ್‌ವರ್ಡ್ ಮೊದಲಿನಿಂದಲೂ ಇತ್ತಲ್ಲ? ಹಾಗಾದರೆ ಮೊದಲು ಮೇಲ್ ಓದಿ. ನಿಮ್ಮ ಐಪಿ ವಿಳಾಸವನ್ನು, ಅಂದರೆ ನೆಟ್‌ವರ್ಕಿನಲ್ಲಿ ನೀವು ಯಾವ ಸಂಖ್ಯೆಯಿಂದ ಬಂದಿರಿ ಎಂಬುದನ್ನು, ಸರ್ವರ್ ನೆನಪಿಟ್ಟುಕೊಳ್ಳುತ್ತದೆ. ಅದಾದ ಮೇಲೆ ಸ್ವಲ್ಪ ಹೊತ್ತು ಆ ಐಪಿಯಿಂದ ಬಂದದ್ದನ್ನೆಲ್ಲ ಹೊರಗೆ ಕಳಿಸುತ್ತದೆ. ಇದಕ್ಕೆ ಪಾಪ್ ಬಿಫೋರ್ ಎಸ್‌ಎಂಟಿಪಿ ಅನ್ನುತ್ತಿದ್ದರು, ಪಾಪ್ ಅಂದರೆ ಬಂದ ಮೇಲ್ ಇಳಿಸಿಕೊಳ್ಳುವ ಭಾಷೆ. ಹಳೇ ಔಟ್‌ಲುಕ್‌ನಲ್ಲಿ ‘ಮೇಲ್ ಕಳಿಸುವ ಮೊದಲು ಇನ್‌ಕಮಿಂಗ್ ಸರ್ವರ್‌ಗೆ ಲಾಗಿನ್ ಆಗು’ ಎಂಬ ಆಯ್ಕೆ ಏಕಿತ್ತು ಅಂತ ತಲೆ ಕೆರೆದುಕೊಂಡವರಿಗೆ ಉತ್ತರ ಇದೇ. ತೊಂದರೆ ಏನೆಂದರೆ, ಒಂದೇ ರೂಟರ್ ಹಿಂದೆ ಇಪ್ಪತ್ತು ಜನ ಕೂತಿದ್ದರೆ ಹೊರಗಿನವರಿಗೆ ಕಾಣುವುದು ಒಂದೇ ಐಪಿ. ಒಬ್ಬ ಲಾಗಿನ್ ಆದರೆ ಇಪ್ಪತ್ತು ಜನಕ್ಕೂ ಬಾಗಿಲು ತೆರೆಯಿತು.

ಸರಿಯಾದ ಪರಿಹಾರ ಬಂದದ್ದು 1999ರ ಮಾರ್ಚ್‌ನಲ್ಲಿ. ಆರ್‌ಎಫ್‌ಸಿ 2554 ಎಂಬ ದಾಖಲೆ ಎಸ್‌ಎಂಟಿಪಿಗೆ ಆಥ್ ಎಂಬ ಹೊಸ ಆಜ್ಞೆ ಸೇರಿಸಿತು. 2007ರಲ್ಲಿ ಅದರ ಜಾಗಕ್ಕೆ ಆರ್‌ಎಫ್‌ಸಿ 4954 ಬಂತು. ಇವತ್ತಿಗೂ ನಡೆಯುತ್ತಿರುವುದು ಅದೇ.

ಹತ್ತಿರದಿಂದ ನೋಡಿದರೆ

ಎಸ್‌ಎಂಟಿಪಿ ಮಾತುಕತೆಯನ್ನು ಕಣ್ಣಾರೆ ನೋಡಬಹುದು. ಅದೊಂದು ನಿಜವಾದ ಸಂಭಾಷಣೆ. ಸ್ಕ್ಯಾನರ್ ಆ ದಿನ ಸರ್ವರ್ ಜೊತೆ ಆಡಿದ ಮಾತು ಹೀಗಿತ್ತು.

ಸರ್ವರ್ ಮೊದಲು 220 ಅಂದಿತು. ಅಂದರೆ, ಇದ್ದೇನೆ, ಹೇಳು. ಸ್ಕ್ಯಾನರ್ ನಮಸ್ಕಾರ ಹೇಳಿತು, ಸರ್ವರ್ 250 ಅಂತ ಒಪ್ಪಿಕೊಂಡಿತು. ಸ್ಕ್ಯಾನರ್ ‘ಮೇಲ್ ಫ್ರಮ್’ ಅಂತ ಕಳಿಸುವವರ ವಿಳಾಸ ಕೊಟ್ಟಿತು. ಅದಕ್ಕೂ 250. ಇಲ್ಲಿ ಗಮನಿಸಿ, ಕಳಿಸುವವರು ಯಾರು ಎಂಬ ಮಾತಿಗೆ ಸರ್ವರ್ ತಕರಾರನ್ನೇ ಮಾಡಲಿಲ್ಲ. ಆಮೇಲೆ ‘ಆರ್‌ಸಿಪಿಟಿ ಟು’ ಅಂತ ಆಡಿಟರ್ ವಿಳಾಸ ಹೇಳಿತು. 554 ಬಿದ್ದದ್ದು ಆಗ. ಆಫೀಸಿನ ವಿಳಾಸ ಕೊಟ್ಟಾಗ ಇದೇ ಜಾಗದಲ್ಲಿ 250 ಸಿಗುತ್ತಿತ್ತು. ತೀರ್ಮಾನ ಆಗುವುದು ಯಾರಿಂದ ಎಂಬ ಸಾಲಿನಲ್ಲಲ್ಲ, ಯಾರಿಗೆ ಎಂಬ ಸಾಲಿನಲ್ಲಿ.

ಪೋಸ್ಟ್‌ಫಿಕ್ಸ್ ಎಂಬ ಸರ್ವರ್‌ನ ಕಾನ್ಫಿಗ್ ಫೈಲಿನಲ್ಲಿ ಈ ತೀರ್ಮಾನ ಮೂರೇ ಪದಗಳಲ್ಲಿದೆ. ಪರ್ಮಿಟ್ ಮೈನೆಟ್‌ವರ್ಕ್ಸ್, ಪರ್ಮಿಟ್ ಸಾಸ್ಲ್ ಆಥೆಂಟಿಕೇಟೆಡ್, ರಿಜೆಕ್ಟ್ ಅನ್‌ಆಥ್ ಡೆಸ್ಟಿನೇಷನ್. ಮೇಲಿನಿಂದ ಕೆಳಗೆ ಓದಬೇಕು. ನಮ್ಮ ಬೀದಿಯವನಾ? ಹೋಗಲಿ ಬಿಡು. ಅಲ್ಲವಾ, ಪಾಸ್‌ವರ್ಡ್ ಹೇಳಿದನಾ? ಹೋಗಲಿ ಬಿಡು. ಎರಡೂ ಇಲ್ಲವಾ? ಹಾಗಾದರೆ ಪತ್ರ ನಮ್ಮ ಮನೆಯವರಿಗೇ ಆಗಿದ್ದರೆ ಮಾತ್ರ ತಗೋ, ಇಲ್ಲದಿದ್ದರೆ ವಾಪಸ್ ಕಳಿಸು. ಮೇಲ್ ಸರ್ವರ್ ಬಗ್ಗೆ ನಾನು ಓದಿದ ಎಷ್ಟೋ ಪುಟಗಳಿಗಿಂತ ಈ ಮೂರು ಪದ ಜಾಸ್ತಿ ಕಲಿಸಿವೆ.

ಪಾಸ್‌ವರ್ಡ್ ಕೊಡುವಾಗ ಮಾತುಕತೆ ಸ್ವಲ್ಪ ಬೇರೆ. ನಮಸ್ಕಾರದಲ್ಲಿ ಹಳೆಯ ಎಚ್‌ಇಎಲ್‌ಒ ಬದಲು ಇಎಚ್‌ಎಲ್‌ಒ ಅನ್ನಬೇಕು. ಹಲೋ ಎಂಬುದರ ಅಕ್ಷರ ಅದಲುಬದಲು ಮಾಡಿದ್ದು, ಅಷ್ಟೇ. ಅದಕ್ಕೆ ಉತ್ತರವಾಗಿ ಸರ್ವರ್ ತನಗೆ ಏನೇನು ಬರುತ್ತದೆ ಅಂತ ಒಂದು ಪಟ್ಟಿ ಕೊಡುತ್ತದೆ. ಆ ಪಟ್ಟಿಯಲ್ಲಿ ಆಥ್ ಎಂಬ ಸಾಲು ಇದ್ದರೆ ಪಾಸ್‌ವರ್ಡ್ ಕೊಡಬಹುದು.

ಆಥ್ ಲಾಗಿನ್ ಅಂದಾಗ ಸರ್ವರ್ 334 ಅಂತ ಹೇಳಿ, ಪಕ್ಕದಲ್ಲಿ ಅರ್ಥವಾಗದ 12 ಅಕ್ಷರ ಒದರುತ್ತದೆ. ವಿ, ಎಕ್ಸ್, ಎನ್, ಎಲ್ ಅಂತ ಶುರುವಾಗುತ್ತದೆ. ಮೊದಲ ಸಲ ನೋಡಿದಾಗ ಏನೋ ಭಾರೀ ಗೂಢಲಿಪಿ ಅಂದುಕೊಂಡಿದ್ದೆ. ನೋಡಿದರೆ ಅದು ಯೂಸರ್‌ನೇಮ್ ಎಂಬ ಇಂಗ್ಲಿಷ್ ಪದ, ಕೊನೆಗೊಂದು ಕೋಲನ್. ಬೇಸ್64 ಎಂಬ ವೇಷ ಹಾಕಿದೆ, ಅಷ್ಟೇ. ಮೂರು ಅಕ್ಷರವನ್ನು ನಾಲ್ಕು ಮಾಡುವ ವೇಷ ಇದು. ಆ ಪದದ ಎಂಟು ಅಕ್ಷರ, ಕೋಲನ್ ಸೇರಿ ಒಂಬತ್ತು, ಅದಕ್ಕೇ 12. ಯಾರು ಬೇಕಾದರೂ ಕ್ಷಣದಲ್ಲಿ ಬಿಚ್ಚಬಹುದು. ನೀವು ಕೊಡುವ ಪಾಸ್‌ವರ್ಡ್ ಕೂಡ ಇದೇ ವೇಷದಲ್ಲಿ ಹೋಗುತ್ತದೆ. ಎಲ್ಲ ಸರಿಯಾದರೆ 235 ಬರುತ್ತದೆ. ಅಲ್ಲಿಂದ ಮುಂದೆ ಆಡಿಟರ್ ವಿಳಾಸಕ್ಕೂ 250.

ವೇಷ ಬೀಗವಲ್ಲ. ದಾರಿಯಲ್ಲಿ ಕದ್ದು ಕೇಳುವವರಿಗೆ ಪಾಸ್‌ವರ್ಡ್ ಸಲೀಸಾಗಿ ಸಿಗುತ್ತದೆ. ಹಾಗಾಗಿ ಜವಾಬ್ದಾರಿ ಇರುವ ಸರ್ವರ್‌ಗಳು ಒಂದು ಜಾಣತನ ಮಾಡುತ್ತವೆ. ಮೊದಲ ಇಎಚ್‌ಎಲ್‌ಒಗೆ ಕೊಡುವ ಪಟ್ಟಿಯಲ್ಲಿ ಆಥ್ ಸಾಲನ್ನೇ ತೋರಿಸುವುದಿಲ್ಲ. ಅದರ ಬದಲು ಸ್ಟಾರ್ಟ್‌ಟಿಎಲ್‌ಎಸ್ ಎಂಬ ಸಾಲು ಇರುತ್ತದೆ. ಟಿಎಲ್‌ಎಸ್ ಅಂದರೆ ದಾರಿಯಲ್ಲಿ ಯಾರೂ ಓದಲಾಗದಂತೆ ಮಾತುಕತೆಗೆ ಹಾಕುವ ಬೀಗ. ನೀವು ಅದನ್ನು ಹೇಳಿ, ಸಂಪರ್ಕ ಟಿಎಲ್‌ಎಸ್ ಬೀಗದೊಳಗೆ ಬಂದ ಮೇಲೆ ಮತ್ತೊಮ್ಮೆ ಇಎಚ್‌ಎಲ್‌ಒ ಹೇಳಬೇಕು. ಈಗ ಕೊಡುವ ಪಟ್ಟಿಯಲ್ಲಿ ಆಥ್ ಇರುತ್ತದೆ. ‘ಸರ್ವರ್ ದೃಢೀಕರಣವನ್ನು ಬೆಂಬಲಿಸುವುದಿಲ್ಲ’ ಅಂತ ನಿಮ್ಮ ಪ್ರೋಗ್ರಾಂ ಹೇಳಿದರೆ ತಕ್ಷಣ ನಂಬಬೇಡಿ. ಬಹಳ ಸಲ ಸರ್ವರ್ ಬೆಂಬಲಿಸುತ್ತದೆ, ಬೀಗ ಹಾಕದೆ ಹೇಳುವುದಿಲ್ಲ ಅಷ್ಟೇ.

25, 587, 465

ಒಂದೇ ಬಾಗಿಲಲ್ಲಿ ಮನೆಯವರೂ ನೆಂಟರೂ ನುಗ್ಗಿದರೆ ಕಾವಲುಗಾರನಿಗೆ ಕಷ್ಟ. ಅದಕ್ಕೆ 1998ರ ಡಿಸೆಂಬರ್‌ನಲ್ಲಿ ಮನೆಯವರಿಗೇ ಅಂತ ಬೇರೆ ಬಾಗಿಲು ಮಾಡಿದರು, ಪೋರ್ಟ್ 587. ಇಲ್ಲಿ ನಡೆಯುವುದಕ್ಕೆ ಸಬ್‌ಮಿಷನ್ ಅಂತ ಹೆಸರು. ಇದರ ಈಗಿನ ನಿಯಮ ಇರುವ ಆರ್‌ಎಫ್‌ಸಿ 6409 ಬಂದದ್ದು 2011ರಲ್ಲಿ. ಅದು ಸ್ಪಷ್ಟವಾಗಿ ಹೇಳುತ್ತದೆ: ಲಾಗಿನ್ ಆಗದೆ ‘ಮೇಲ್ ಫ್ರಮ್’ ಅಂದವರನ್ನು ವಾಪಸ್ ಕಳಿಸಬೇಕು. ಕಾಪಾಡಿದ ಒಳ ನೆಟ್‌ವರ್ಕಿನಿಂದ ಬಂದವರು ಅಂತ ಬೇರೆ ರೀತಿಯಲ್ಲಿ ಖಾತ್ರಿಯಾಗಿದ್ದರೆ ಮಾತ್ರ ವಿನಾಯಿತಿ. 587ರಲ್ಲಿ ಪತ್ರ ಯಾರಿಗೆ ಎಂಬುದು ಮುಖ್ಯವೇ ಅಲ್ಲ. ಪಕ್ಕದ ಮೇಜಿನವರಿಗೆ ಕಳಿಸಿದರೂ ಪಾಸ್‌ವರ್ಡ್ ಬೇಕು.

465ರ ಕಥೆ ಸ್ವಲ್ಪ ವಿಚಿತ್ರ. ಸಂಪರ್ಕ ಶುರುವಾಗುವಾಗಲೇ ಬೀಗ ಹಾಕಿಕೊಳ್ಳುವ ಎಸ್‌ಎಂಟಿಪಿಗೆ 1997ರಲ್ಲಿ ಈ ಸಂಖ್ಯೆ ಕೊಟ್ಟರು. ಮರುವರ್ಷವೇ ವಾಪಸ್ ಕಿತ್ತುಕೊಂಡರು. ಸ್ಟಾರ್ಟ್‌ಟಿಎಲ್‌ಎಸ್ ಇರುವಾಗ ಬೇರೆ ಬಾಗಿಲು ಏಕೆ ಎಂಬುದು ಕಾರಣ. ಆದರೆ ಬಳಸುವವರು ಬಿಡಲಿಲ್ಲ. ಇಪ್ಪತ್ತು ವರ್ಷ ಎಲ್ಲರೂ ‘ಅದು ಬಳಸಬಾರದು’ ಅನ್ನುತ್ತಲೇ ಬಳಸಿದರು. ಕೊನೆಗೆ 2018ರ ಜನವರಿಯಲ್ಲಿ ಆರ್‌ಎಫ್‌ಸಿ 8314 ಸೋಲು ಒಪ್ಪಿಕೊಂಡು, 465 ಬಳಸುವುದೇ ಒಳ್ಳೆಯದು ಅಂತ ಬರೆಯಿತು. ಪಾಸ್‌ವರ್ಡ್ ವಿಚಾರದಲ್ಲಿ ಇದೂ 587ರ ಹಾಗೇ.

ಹಾಗಾದರೆ 25ರಲ್ಲೂ ಎಲ್ಲರಿಗೂ ಪಾಸ್‌ವರ್ಡ್ ಕಡ್ಡಾಯ ಮಾಡಿಬಿಟ್ಟರೆ ಇನ್ನೂ ಭದ್ರ ಅಲ್ವಾ? ಹಾಗಂತ ಯೋಚಿಸಿ ನನ್ನದೇ ಒಂದು ಸಣ್ಣ ಸರ್ವರ್‌ನಲ್ಲಿ ಒಮ್ಮೆ ಮಾಡಿದ್ದೆ. ಆ ದಿನ ಇನ್‌ಬಾಕ್ಸ್ ಅಷ್ಟು ಶಾಂತವಾಗಿತ್ತು! ಸಂಜೆ ಗೆಳೆಯನೊಬ್ಬ ಬೇರೆ ದಾರಿಯಲ್ಲಿ ತಿಳಿಸಿದ, ‘ನಿನಗೆ ಕಳಿಸಿದ್ದೆಲ್ಲ ವಾಪಸ್ ಬರ್ತಿದೆ’ ಅಂತ. ಜಿಮೇಲ್ ಸರ್ವರ್ ನನಗೆ ಪತ್ರ ಕೊಡಲು ಬರುವುದು 25ನೇ ಪೋರ್ಟ್‌ಗೆ. ಅದಕ್ಕೆ ನನ್ನ ಸರ್ವರ್‌ನಲ್ಲಿ ಖಾತೆ ಎಲ್ಲಿಂದ ಬರಬೇಕು? ಜಗತ್ತಿನ ಪ್ರತಿ ಸರ್ವರ್‌ಗೂ ಉಳಿದ ಪ್ರತಿ ಸರ್ವರ್‌ನಲ್ಲಿ ಒಂದೊಂದು ಪಾಸ್‌ವರ್ಡ್ ಇಡಲು ಆಗುವ ಮಾತೇ ಅಲ್ಲ. ಅದರ ಮೇಲೆ, 5ರಿಂದ ಶುರುವಾಗುವ ಉತ್ತರ ಅಂದರೆ ಖಾಯಂ ನಿರಾಕರಣೆ. 4ರಿಂದ ಶುರುವಾಗಿದ್ದರೆ ಕಳಿಸುವ ಸರ್ವರ್ ಮತ್ತೆ ಮತ್ತೆ ಪ್ರಯತ್ನಿಸುತ್ತಿತ್ತು. ನನ್ನದು 530 ಅಂದಿತ್ತು. ಹಾಗಾಗಿ ಆ ದಿನದ ಪತ್ರಗಳು ಹೋದವು, ಹೋದವೇ.

ಸರ್ವರ್ ಸರ್ವರ್‌ಗಳ ನಡುವೆ ನಂಬಿಕೆಗೆ ಬೇರೆಯೇ ಏರ್ಪಾಡು ಇದೆ. ಈ ಡೊಮೇನಿನ ಮೇಲ್ ಈ ಐಪಿಗಳಿಂದ ಬರುತ್ತದೆ ಅಂತ ಹೇಳುವ ಎಸ್‌ಪಿಎಫ್, ಪತ್ರಕ್ಕೆ ಸಹಿ ಹಾಕುವ ಡಿಕಿಮ್, ಇವೆರಡೂ ಹೊಂದದಿದ್ದರೆ ಏನು ಮಾಡಬೇಕೆಂದು ಹೇಳುವ ಡಿಮಾರ್ಕ್. ದಿನಕ್ಕೆ 5000ಕ್ಕಿಂತ ಜಾಸ್ತಿ ಮೇಲ್‌ಗಳನ್ನು ಜಿಮೇಲ್ ಖಾತೆಗಳಿಗೆ ಕಳಿಸುವವರಿಗೆ 2024ರ ಫೆಬ್ರವರಿಯಿಂದ ಗೂಗಲ್ ಇವು ಮೂರನ್ನೂ ಕಡ್ಡಾಯ ಮಾಡಿತು. ನಿಮ್ಮ ಪಾಸ್‌ವರ್ಡ್‌ಗೂ ಇವಕ್ಕೂ ನೇರ ಸಂಬಂಧವಿಲ್ಲ. ಪಾಸ್‌ವರ್ಡ್ ನಿಮ್ಮ ಮತ್ತು ನಿಮ್ಮ ಸರ್ವರ್ ನಡುವಿನ ಮಾತು.

ಇನ್ನೊಂದು ಬೇರೆಯದೇ ತೊಂದರೆ ಇದೆ, ಜನ ಇದನ್ನೂ ಪಾಸ್‌ವರ್ಡ್ ತಲೆಗೇ ಕಟ್ಟುತ್ತಾರೆ. ಇಂಟರ್ನೆಟ್ ಕೊಡುವ ಬಹಳಷ್ಟು ಕಂಪನಿಗಳು ಮನೆ ಸಂಪರ್ಕದಿಂದ ಹೊರಗಿನ 25ನೇ ಪೋರ್ಟ್‌ಗೆ ಹೋಗುವುದನ್ನೇ ತಡೆಯುತ್ತವೆ. ವೈರಸ್ ಹೊಕ್ಕ ಕಂಪ್ಯೂಟರ್‌ಗಳು ನೇರವಾಗಿ ಸ್ಪ್ಯಾಮ್ ಸುರಿಯಬಾರದು ಅಂತ. ಅಮೆಜಾನ್, ಗೂಗಲ್‌ನ ಕ್ಲೌಡ್ ಯಂತ್ರಗಳಲ್ಲೂ ಇದೇ ತಡೆ ಇದೆ. ಇದನ್ನು ಗುರುತಿಸುವುದು ಸುಲಭ. ಸರ್ವರ್ ಬೈದರೆ ನೀವು ಸರ್ವರ್ ತನಕ ತಲುಪಿದ್ದೀರಿ. ಏನೂ ಉತ್ತರ ಬಾರದೆ ಸುಮ್ನೆ ಕಾದು ಕಾದು ಟೈಮ್‌ಔಟ್ ಆದರೆ ತಲುಪಿಯೇ ಇಲ್ಲ. ಆಗ ಪಾಸ್‌ವರ್ಡ್ ಹತ್ತು ಸಲ ಬದಲಿಸಿ ಪ್ರಯೋಜನವಿಲ್ಲ. 587ಕ್ಕೆ ಹೋಗಿ.

ನಮ್ಮ ಬೀದಿಯವರು ಅಂದರೆ ಯಾರು?

ಪೋಸ್ಟ್‌ಫಿಕ್ಸ್‌ನ ಮೂರು ಪದಗಳಲ್ಲಿ ಮೊದಲನೆಯದೇ ಅತಿ ಅಪಾಯದ್ದು. ಮೈನೆಟ್‌ವರ್ಕ್ಸ್ ಪಟ್ಟಿಯಲ್ಲಿ ಇರುವ ಐಪಿಗಳಿಗೆ ಪಾಸ್‌ವರ್ಡ್ ಬೇಡ. ಅದೇ ಯಂತ್ರದಲ್ಲಿ ಓಡುವ ವೆಬ್‌ಸೈಟ್ ಮೇಲ್ ಕಳಿಸಬೇಕು, ಒಳಗಿನ ಪ್ರಿಂಟರ್ ಕಳಿಸಬೇಕು, ಇಂಥದಕ್ಕೆ ಈ ಅನುಕೂಲ. ಕೆಲವು ಇಂಟರ್ನೆಟ್ ಕಂಪನಿಗಳೂ ತಮ್ಮ ಗ್ರಾಹಕರಿಗೆ ಹೀಗೆ ಬಿಡುತ್ತಿದ್ದವು. ತಮ್ಮ ತಂತಿಯಲ್ಲಿ ಬಂದವರು ತಮ್ಮವರೇ ಎಂಬ ಲೆಕ್ಕ. ಮನೆಯಲ್ಲಿ ಹೋಗುತ್ತಿದ್ದ ಮೇಲ್ ಹೋಟೆಲಿನ ವೈಫೈನಿಂದ ಹೋಗುವುದಿಲ್ಲ ಅನ್ನುವ ಹಳೇ ದೂರಿನ ಹಿಂದೆ ಇದ್ದದ್ದು ಇದು. ಸೆಟ್ಟಿಂಗ್ ಏನೂ ಬದಲಾಗಿಲ್ಲ, ನಿಜ. ಬದಲಾಗಿದ್ದು ನೀವು ನಿಂತ ಜಾಗ.

ಅಪಾಯ ಬರುವ ದಾರಿ ನೋಡಿ. ಒಬ್ಬರು ಸರ್ವರ್ ಮುಂದೆ ಒಂದು ಪ್ರಾಕ್ಸಿ ನಿಲ್ಲಿಸುತ್ತಾರೆ. ಹೊರಗಿನಿಂದ ಬರುವ ಸಂಪರ್ಕಗಳೆಲ್ಲ ಈಗ ಆ ಪ್ರಾಕ್ಸಿ ಮೂಲಕವೇ ಬರುತ್ತವೆ. ಮೇಲ್ ಸರ್ವರ್‌ಗೆ ಕಾಣುವುದು ಪ್ರಾಕ್ಸಿಯ ಒಳಗಿನ ಐಪಿ ಮಾತ್ರ. ಅದು ಮೈನೆಟ್‌ವರ್ಕ್ಸ್ ಪಟ್ಟಿಯಲ್ಲಿದೆ. ಅಲ್ಲಿಗೆ ಇಡೀ ಜಗತ್ತು ನಮ್ಮ ಬೀದಿಯವರಾದರು. ಯಾವ ಎರರ್ ಕೂಡ ಬರುವುದಿಲ್ಲ. ಎಲ್ಲವೂ ಚೆನ್ನಾಗಿ, ಬಹಳ ಚೆನ್ನಾಗಿ ಹೋಗುತ್ತದೆ. ಐಪಿ ಕಪ್ಪುಪಟ್ಟಿಗೆ ಸೇರಿ, ಕ್ಯೂನಲ್ಲಿ ಸಾವಿರಗಟ್ಟಲೆ ಗುರುತಿಲ್ಲದ ಪತ್ರ ಕೂತ ಮೇಲೆಯೇ ಗೊತ್ತಾಗುವುದು. ಒಳಗಿನ ಒಂದು ಕಂಪ್ಯೂಟರ್‌ಗೆ ವೈರಸ್ ಹತ್ತಿದರೂ ಅಷ್ಟೇ, ಬೇಲಿಯೇ ಎದ್ದು ಹೊಲ ಮೇಯ್ದ ಹಾಗೆ. ಹಾಗಾಗಿ ನನ್ನ ಅಭಿಪ್ರಾಯ ಇಷ್ಟು: ಆ ಪಟ್ಟಿಗೆ ಇಡೀ ನೆಟ್‌ವರ್ಕ್ ಸೇರಿಸಬೇಡಿ. ಒಂದೊಂದೇ ಯಂತ್ರ, ಅದೂ ಬೇರೆ ದಾರಿ ಇಲ್ಲದಾಗ.

ಪಾಸ್‌ವರ್ಡ್ ಕೊಟ್ಟ ಮಾತ್ರಕ್ಕೆ ಎಲ್ಲ ಸಾಚಾ ಅಂತಲೂ ಅಲ್ಲ. ನೀವು ನಿಮ್ಮ ಹೆಸರಿನಲ್ಲಿ ಲಾಗಿನ್ ಆಗಿ, ಪತ್ರದಲ್ಲಿ ಮ್ಯಾನೇಜರ್ ವಿಳಾಸ ಬರೆಯಬಹುದು. ಲಾಗಿನ್‌ನ ಹೆಸರೂ ಪತ್ರದ ಮೇಲಿನ ಹೆಸರೂ ಹೊಂದಬೇಕು ಎಂಬ ನಿಯಮವನ್ನು ಸರ್ವರ್‌ನಲ್ಲಿ ಬೇರೆಯಾಗಿ ಹಾಕಬೇಕು. ಎಷ್ಟೋ ಕಡೆ ಹಾಕಿರುವುದಿಲ್ಲ.

ಕೊಟ್ಟ ಪಾಸ್‌ವರ್ಡ್ ಸರಿ ಇದ್ದರೂ

ಈಗಿನ ಕಾಲದ ದೊಡ್ಡ ದೂರು ಇದು. ಬ್ರೌಸರ್‌ನಲ್ಲಿ ಅದೇ ಪಾಸ್‌ವರ್ಡ್‌ಗೆ ಜಿಮೇಲ್ ತೆರೆಯುತ್ತದೆ, ಸ್ಕ್ರಿಪ್ಟ್‌ನಲ್ಲಿ ಹಾಕಿದರೆ 535. ಅಂದರೆ, ನಿನ್ನ ಹೆಸರು ಪಾಸ್‌ವರ್ಡ್ ಒಪ್ಪುವುದಿಲ್ಲ.

ವೈಯಕ್ತಿಕ ಖಾತೆಗಳಲ್ಲಿ ಬರೀ ಮಾಮೂಲಿ ಪಾಸ್‌ವರ್ಡ್ ಹಿಡಿದು ಬರುವ ಪ್ರೋಗ್ರಾಂಗಳಿಗೆ ಗೂಗಲ್ ಬಾಗಿಲು ಮುಚ್ಚಿದ್ದು 2022ರ ಮೇ 30ರಂದು. ಅದಾದ ಮೇಲೆ ಎರಡು ದಾರಿ. ಒಂದು, ಓಆಥ್. ಇದರಲ್ಲಿ ಪ್ರೋಗ್ರಾಂಗೆ ಪಾಸ್‌ವರ್ಡ್ ಸಿಗುವುದೇ ಇಲ್ಲ. ನೀವು ಬ್ರೌಸರ್‌ನಲ್ಲಿ ಒಪ್ಪಿಗೆ ಕೊಡುತ್ತೀರಿ, ಪ್ರೋಗ್ರಾಂಗೆ ಒಂದು ಟೋಕನ್ ಸಿಗುತ್ತದೆ. ಥಂಡರ್‌ಬರ್ಡ್‌ಗೆ ಇದು ಗೊತ್ತು. ಸ್ಕ್ಯಾನರ್‌ನಂಥ ಹಳೆ ಜೀವಗಳಿಗೆ ಗೊತ್ತಿಲ್ಲ. ಅವಕ್ಕೆ ಎರಡನೇ ದಾರಿ, ಆ್ಯಪ್ ಪಾಸ್‌ವರ್ಡ್. ಖಾತೆಯಲ್ಲಿ ಎರಡು ಹಂತದ ಪರಿಶೀಲನೆ ಹಾಕಿದ ಮೇಲೆ ಗೂಗಲ್ 16 ಅಕ್ಷರದ ಒಂದು ಪಾಸ್‌ವರ್ಡ್ ತಾನೇ ಮಾಡಿಕೊಡುತ್ತದೆ. ಅದು ಕಳೆದುಹೋದರೆ ಅದೊಂದನ್ನೇ ರದ್ದು ಮಾಡಬಹುದು, ನಿಮ್ಮ ನಿಜವಾದ ಪಾಸ್‌ವರ್ಡ್ ಮುಟ್ಟಬೇಕಿಲ್ಲ. ಎರಡು ಹಂತದ ಖಾತೆಗೆ ಮಾಮೂಲಿ ಪಾಸ್‌ವರ್ಡ್ ಕೊಟ್ಟರೆ ಜಿಮೇಲ್ 534 ಅಂತ ಹೇಳಿ ಆ್ಯಪ್ ಪಾಸ್‌ವರ್ಡ್ ಬೇಕು ಅನ್ನುವುದೂ ಉಂಟು.

ಈ ಸಂಖ್ಯೆಗಳನ್ನು ಬಾಯಿಪಾಠ ಮಾಡಬೇಕಿಲ್ಲ, ಆದರೆ ಬಂದದ್ದನ್ನು ಓದಿ. 530 ಅಂದರೆ ನೀನು ಹೆಸರೇ ಹೇಳಿಲ್ಲ. 535 ಅಂದರೆ ಹೇಳಿದ್ದೀಯ, ತಪ್ಪು. 538 ಬಂದರೆ ಬೀಗ ಹಾಕಿಕೊಂಡು ಬಾ. ರಿಲೇ ಎಂಬ ಪದದ ಜೊತೆ 550 ಅಥವಾ 554 ಬಂದರೆ, ಪತ್ರ ನಮ್ಮವರಿಗಲ್ಲ, ನೀನೂ ನಮ್ಮವನು ಅಂತ ಗೊತ್ತಾಗಲಿಲ್ಲ. 535ಕ್ಕೂ 554ಕ್ಕೂ ವ್ಯತ್ಯಾಸ ಗೊತ್ತಿದ್ದವರಿಗೆ ಅರ್ಧ ದಿನ ಉಳಿಯುತ್ತದೆ. ಒಂದರಲ್ಲಿ ಪಾಸ್‌ವರ್ಡ್ ತಪ್ಪು, ಇನ್ನೊಂದರಲ್ಲಿ ಪಾಸ್‌ವರ್ಡ್ ಹೋಗಿಯೇ ಇಲ್ಲ. ಪ್ರೋಗ್ರಾಂನಲ್ಲಿ ‘ಔಟ್‌ಗೋಯಿಂಗ್ ಸರ್ವರ್‌ಗೆ ದೃಢೀಕರಣ ಬೇಕು’ ಎಂಬ ಡಬ್ಬಿಗೆ ಟಿಕ್ ಹಾಕದೆ ಬಿಟ್ಟರೆ ಆಗುವುದು ಎರಡನೆಯದು. ಇನ್‌ಕಮಿಂಗ್‌ಗೆ ಪಾಸ್‌ವರ್ಡ್ ಕೊಟ್ಟಿದ್ದೇನಲ್ಲ ಅಂತ ವಾದ ಮಾಡಬೇಡಿ. ಅದು ಬೇರೆ ಬಾಗಿಲು.

ಸ್ಕ್ಯಾನರ್ ಕಥೆ ಬಾಕಿ ಇದೆ. ಪೋರ್ಟನ್ನು 587 ಮಾಡಿದೆ. ಅದಕ್ಕೇ ಅಂತ ಒಂದು ಖಾತೆ ತೆರೆದು ಹೆಸರು, ಪಾಸ್‌ವರ್ಡ್ ತುಂಬಿದೆ. ಈಗ 530. ಪಾಸ್‌ವರ್ಡ್ ಕೊಟ್ಟಿದ್ದೇನೆ, ಆದರೂ ಹೆಸರು ಹೇಳಿಲ್ಲ ಅನ್ನುತ್ತಿದೆ! ಕೊನೆಗೆ ಸ್ಕ್ಯಾನರಿನ ಕೈಪಿಡಿ ತೆಗೆದು ನೋಡಿದೆ. ಅದಕ್ಕೆ ಟಿಎಲ್‌ಎಸ್ ಬರುವುದೇ ಇಲ್ಲ. ಬೀಗ ಹಾಕದವರಿಗೆ ಸರ್ವರ್ ಆಥ್ ಸಾಲು ತೋರಿಸುವುದಿಲ್ಲ. ಸಾಲು ಕಾಣದ ಸ್ಕ್ಯಾನರ್ ಪಾಸ್‌ವರ್ಡ್ ಜೇಬಿನಲ್ಲೇ ಇಟ್ಟುಕೊಂಡು ಸೀದಾ ‘ಮೇಲ್ ಫ್ರಮ್’ ಅಂದಿತ್ತು.

ಮೂಲೆಯಲ್ಲಿ ಫೈಲುಗಳಿಗಾಗಿ ಇಟ್ಟಿದ್ದ ಒಂದು ಲಿನಕ್ಸ್ ಯಂತ್ರ ಇತ್ತು. ಅದರಲ್ಲಿ ಪೋಸ್ಟ್‌ಫಿಕ್ಸ್ ಹಾಕಿದೆ. ಸ್ಕ್ಯಾನರ್ ಈಗ ಅದಕ್ಕೆ ಪಾಸ್‌ವರ್ಡ್ ಇಲ್ಲದೆ, ಬೀಗ ಇಲ್ಲದೆ, 25ನೇ ಪೋರ್ಟ್‌ನಲ್ಲಿ ಪತ್ರ ಕೊಡುತ್ತದೆ. ಆ ಯಂತ್ರ ಅದನ್ನು ತೆಗೆದುಕೊಂಡು 587ಕ್ಕೆ ಹೋಗಿ, ಟಿಎಲ್‌ಎಸ್ ಹಾಕಿಕೊಂಡು, ಹೆಸರು ಪಾಸ್‌ವರ್ಡ್ ಹೇಳಿ ನಿಜವಾದ ಸರ್ವರ್‌ಗೆ ಮುಟ್ಟಿಸುತ್ತದೆ. ಮೊದಲ ಪುಟವನ್ನು ಈ ಸಲ ಆಡಿಟರ್‌ಗೇ ಕಳಿಸಿದೆ. ಆ ಯಂತ್ರದ ಮೈನೆಟ್‌ವರ್ಕ್ಸ್ ಸಾಲಿನಲ್ಲಿ ಅದರ ಸ್ವಂತ ವಿಳಾಸ ಬಿಟ್ಟರೆ ಇರುವುದು ಒಂದೇ ಐಪಿ, ಸ್ಕ್ಯಾನರಿನದು.